ಪೈಪ್ ನೀರು ತರಲಿ, ಭಾರ ಗೋಡೆ ಹೊರಲಿ

ನೀರಿನ ಲೈನಿಗೆ ಫಿಲ್ಟರ್ ಹೌಸಿಂಗ್ (ನೀರು ಸೋಸುವ ಕಾರ್ಟ್ರಿಜ್ ಕೂರುವ ಪ್ಲಾಸ್ಟಿಕ್ ಕವಚ) ಕೂರಿಸುವುದು ನೋಡುವುದಕ್ಕೆ ಅರ್ಧ ಗಂಟೆಯ ಕೆಲಸ. ಪೈಪ್ ಕತ್ತರಿಸು, ಎರಡೂ ಕಡೆ ಥ್ರೆಡ್ ತಿರುಗಿಸು, ವಾಲ್ವ್ ತೆಗೆ, ಆಯಿತು. ಹಾಗೆ ಕೂರಿಸಿದ್ದು ಅವತ್ತೇ ಸೋರಿದ್ದರೆ ಒಳ್ಳೆಯದಿತ್ತು. ಆದರೆ ಅವತ್ತು ಸೋರುವುದಿಲ್ಲ. ನಾಲ್ಕಾರು ತಿಂಗಳು ಕಳೆದು, ಕೊಳೆ ತುಂಬಿದ ಕಾರ್ಟ್ರಿಜ್ ಬದಲಿಸೋಣವೆಂದು ಕೆಳಗಿನ ಬೌಲ್‌ಗೆ ಪಾನಾ ಹಾಕಿ ಎಳೆದಾಗ ಬಣ್ಣ ಬಯಲಾಗುತ್ತದೆ. ಬಿಗಿದು ಕೂತ ಬೌಲ್ ಬಿಚ್ಚಿಕೊಳ್ಳುವ ಬದಲು ಇಡೀ ಹೌಸಿಂಗೇ ತಿರುಗುತ್ತದೆ. ಅದರ ಜೊತೆಗೆ ಪೈಪೂ ತಿರುಚಿಕೊಳ್ಳುತ್ತದೆ. ಪ್ಲಾಸ್ಟಿಕ್ ಬಾಯಿಯ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತದೆ.

ಇದಕ್ಕೆ ಕಾರಣ ಒಂದೇ: ಹೌಸಿಂಗನ್ನು ಪೈಪಿಗೆ ನೇತುಹಾಕಿರುತ್ತೇವೆ. ನೀರು ತಂದುಕೊಡುವುದು ಪೈಪಿನ ಕೆಲಸ, ಭಾರ ಹೊರುವುದಲ್ಲ. ಕೆಳಗಿನ ಹಂತಗಳೆಲ್ಲ ಸುತ್ತಿಬಳಸಿ ಈ ಮಾತಿಗೇ ಬರುತ್ತವೆ.

ಎಷ್ಟು ಭಾರ, ಎಷ್ಟು ಬಲ

ಹೌಸಿಂಗ್ ಎಂದರೆ ಎರಡು ತುಂಡು. ಮೇಲೆ ಹೆಡ್; ನೀರು ಒಳಬರುವ, ಹೊರಹೋಗುವ ಬಾಯಿಗಳು ಅದರಲ್ಲಿರುತ್ತವೆ. ಕೆಳಗೆ ತಿರುಗಿಸಿ ಬಿಗಿಯುವ ಬೌಲ್. ಕಾರ್ಟ್ರಿಜ್ ಅದರೊಳಗೆ ನಿಲ್ಲುತ್ತದೆ. ಹೆಚ್ಚು ಬಳಕೆಯಲ್ಲಿರುವ ಕಾರ್ಟ್ರಿಜ್‌ಗಳು 10 ಇಂಚು ಅಥವಾ 20 ಇಂಚು ಉದ್ದದವು. ತೆಳುವಾದದ್ದಕ್ಕೆ ಸುಮಾರು 2.5 ಇಂಚು ದಪ್ಪ, ದೊಡ್ಡದಕ್ಕೆ 4.5 ಇಂಚು. ಖಾಲಿ ಹೌಸಿಂಗನ್ನು ಒಂದು ಕೈಯಲ್ಲಿ ಎತ್ತಿದಾಗ ಹಗುರ ಅನಿಸುತ್ತದೆ. ಮೋಸ ಹೋಗುವುದೇ ಅಲ್ಲಿ. ಒಳಗೆ 15 ಸೆಂ.ಮೀ. ಅಗಲ, 50 ಸೆಂ.ಮೀ. ಆಳವಿರುವ ದೊಡ್ಡ ಬೌಲ್‌ನಲ್ಲಿ ಒಂಬತ್ತು ಲೀಟರಿಗೆ ಹತ್ತಿರದಷ್ಟು ಜಾಗವಿದೆ. ಕಾರ್ಟ್ರಿಜ್ ಸ್ವಲ್ಪ ಜಾಗ ತಿಂದರೂ, ನೀರು ತುಂಬಿದ ಮೇಲೆ ಅದು ನೀರು ತುಂಬಿದ ಕೊಡ ನೇತುಹಾಕಿದಂತೆಯೇ.

ಭಾರಕ್ಕಿಂತ ತಿರುಚುವ ಬಲ ಇನ್ನೂ ಕೆಟ್ಟದ್ದು. 30 ಸೆಂ.ಮೀ. ಉದ್ದದ ಪಾನಾದ ತುದಿಯನ್ನು 20 ಕೆ.ಜಿ. ಬಲದಿಂದ ಎಳೆದಿರಿ ಎನ್ನಿ. ಹೆಡ್‌ನ ಎರಡು ಬಾಯಿಗಳು ಮಧ್ಯದಿಂದ ಏಳೂವರೆ ಸೆಂ.ಮೀ. ದೂರದಲ್ಲಿದ್ದರೆ, ಗೋಡೆಯ ಹಿಡಿತ ಇಲ್ಲದಾಗ ಒಂದೊಂದು ಬಾಯಿಯ ಮೇಲೂ 40 ಕೆ.ಜಿ.ಯಷ್ಟು ಅಡ್ಡ ಬಲ ಬೀಳುತ್ತದೆ. ಪ್ಲಾಸ್ಟಿಕ್ ಥ್ರೆಡ್ ಎಷ್ಟು ಸಲ ತಡೆದೀತು?

ಜಾಗ ನೋಡುವುದು

ಮುಖ್ಯ ವಾಲ್ವ್ ಆದ ಮೇಲೆ, ಲೈನ್ ಕವಲೊಡೆಯುವ ಮೊದಲು ಹೌಸಿಂಗ್ ಬರಬೇಕು. ಬಿಸಿಲು ಬೀಳುವ ಗೋಡೆ ಬೇಡ: ಪ್ಲಾಸ್ಟಿಕ್ ಪೆಡಸಾಗುತ್ತದೆ, ಪಾರದರ್ಶಕ ಬೌಲ್ ಆದರೆ ಒಳಗೆ ಪಾಚಿಯೂ ಕಟ್ಟುತ್ತದೆ. ಸ್ವಿಚ್ ಬೋರ್ಡಿನ ಮೇಲ್ಭಾಗವಂತೂ ಬೇಡವೇ ಬೇಡ, ಬೌಲ್ ಬಿಚ್ಚಿದಾಗ ನೀರು ಚೆಲ್ಲದೆ ಇರುವುದಿಲ್ಲ. ಬೌಲ್‌ನ ತಳದಿಂದ ನೆಲಕ್ಕೆ ಕನಿಷ್ಠ ನಾಲ್ಕೈದು ಸೆಂ.ಮೀ. ಜಾಗ ಇರಲಿ, ಒಂದು ಬಕೆಟ್ ಹಿಡಿಯುವಷ್ಟಿದ್ದರೆ ಇನ್ನೂ ಚೆನ್ನ. ಪಾನಾದ ಹಿಡಿ ತಿರುಗಲು ಪಕ್ಕದಲ್ಲಿ ಜಾಗ ಇದೆಯೇ ಎಂದು ಗೋಡೆ ಕೊರೆಯುವ ಮುಂಚೆಯೇ ಕೈಯಾಡಿಸಿ ನೋಡಿ. ಮೂಲೆಗೆ ಒತ್ತಿ ಕೂರಿಸಿ, ಆಮೇಲೆ ಪಾನಾ ಹತ್ತು ಡಿಗ್ರಿಯೂ ತಿರುಗದೆ ಒದ್ದಾಡುವವರನ್ನು ಬೇಕಾದಷ್ಟು ನೋಡಿದ್ದೇನೆ.

ಥ್ರೆಡ್: ಅರ್ಧ ಇಂಚು ಅರ್ಧ ಇಂಚಲ್ಲ

ಈ ಕೆಲಸದಲ್ಲಿ ಹೆಚ್ಚು ಜನ ಎಡವುವುದು ಇಲ್ಲಿ, ಆದ್ದರಿಂದ ಸ್ವಲ್ಪ ನಿಧಾನಕ್ಕೆ ಹೋಗೋಣ.

‘ಅರ್ಧ ಇಂಚಿನ’ ಥ್ರೆಡ್ಡನ್ನು ಅಳತೆಪಟ್ಟಿ ಹಿಡಿದು ನೋಡಿದರೆ ಹೊರವ್ಯಾಸ ಸುಮಾರು 21 ಮಿ.ಮೀ. ಬರುತ್ತದೆ. ಮುಕ್ಕಾಲು ಇಂಚಿನದು 26.4 ಮಿ.ಮೀ., ಒಂದಿಂಚಿನದು 33.2 ಮಿ.ಮೀ. ಹಳೆಯ ಕಬ್ಬಿಣದ ಪೈಪಿನ ಒಳರಂಧ್ರದ ಅಳತೆಯೇ ಹೆಸರಾಗಿ ಉಳಿದುಕೊಂಡದ್ದರಿಂದ ಈ ಗೊಂದಲ. ಅಳೆದು ‘ಇದು 21 ಮಿ.ಮೀ., ಮುಕ್ಕಾಲು ಇಂಚಿಗೆ ಹತ್ತಿರ’ ಎಂದುಕೊಂಡು ಮುಕ್ಕಾಲಿಂಚಿನ ಫಿಟ್ಟಿಂಗ್ ತಂದರೆ ಕೆಲಸ ಕೆಟ್ಟಿತು.

ಇನ್ನೊಂದು ಸಿಕ್ಕು ಇದಕ್ಕಿಂತ ನವಿರು. ಲೋಕದಲ್ಲಿ ಪೈಪ್ ಥ್ರೆಡ್‌ಗಳ ಎರಡು ಮನೆತನಗಳಿವೆ: ಬ್ರಿಟಿಷ್ ಮೂಲದ ಬಿಎಸ್‌ಪಿ, ಅಮೆರಿಕದ ಎನ್‌ಪಿಟಿ. ಇಂಗ್ಲೆಂಡಿನ ಎಂಜಿನಿಯರ್ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮುಂದಿಟ್ಟ ಥ್ರೆಡ್‌ಗೆ 55 ಡಿಗ್ರಿ ಕೋನ, ಬಿಎಸ್‌ಪಿ ಅದನ್ನೇ ಹಿಡಿದಿದೆ. ವಿಲಿಯಂ ಸೆಲ್ಲರ್ಸ್ 1864ರಲ್ಲಿ ಅಮೆರಿಕದಲ್ಲಿ 60 ಡಿಗ್ರಿಯದನ್ನು ತಂದ, ಎನ್‌ಪಿಟಿ ಆ ಕಡೆಯದು. ತಮಾಷೆ ಏನೆಂದರೆ ಅರ್ಧ ಇಂಚು, ಮುಕ್ಕಾಲು ಇಂಚಿನ ಅಳತೆಗಳಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತು. ಹಾಗಾಗಿ ಒಂದು ಇನ್ನೊಂದರೊಳಗೆ ಸಲೀಸಾಗಿ ಹೋಗುತ್ತದೆ, ಬಿಗಿಯಾದಂತೆಯೂ ಅನಿಸುತ್ತದೆ. ಆದರೆ ಕೋನ ಬೇರೆಯಾದ್ದರಿಂದ ಹಲ್ಲಿಗೆ ಹಲ್ಲು ಸರಿಯಾಗಿ ಕೂರುವುದಿಲ್ಲ, ಎಷ್ಟು ಟೇಪ್ ಸುತ್ತಿದರೂ ಜಿನುಗು ನಿಲ್ಲುವುದಿಲ್ಲ. ಒಂದಿಂಚಿನಲ್ಲಿ ಬಿಎಸ್‌ಪಿಗೆ 11 ಸುತ್ತು, ಎನ್‌ಪಿಟಿಗೆ ಹನ್ನೊಂದೂವರೆ. ಅಲ್ಲಿ ಎರಡು ಮೂರು ಸುತ್ತಿಗೇ ಕಚ್ಚಿಕೊಂಡು ನಿಲ್ಲುತ್ತದೆ, ತಪ್ಪು ಬೇಗ ಗೊತ್ತಾಗುತ್ತದೆ. ಹೌಸಿಂಗ್ ಬಂದ ಡಬ್ಬಿಯ ಮೇಲೋ ಹೆಡ್‌ನ ಮೇಲೋ ಯಾವ ಥ್ರೆಡ್ ಎಂದು ಬರೆದಿರುತ್ತದೆ. ಅದನ್ನು ಓದಿ, ಅದೇ ಮನೆತನದ ಫಿಟ್ಟಿಂಗ್ ತನ್ನಿ.

ಫಿಟ್ಟಿಂಗ್ ಯಾವ ವಸ್ತುವಿನದು ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಪೈಪ್ ಥ್ರೆಡ್‌ನ ಗಂಡು ತುಂಡು ಹೆಚ್ಚಾಗಿ ತುದಿಗೆ ಹೋದಂತೆ ಕಿರಿದಾಗುವ ಜಾತಿಯದು, 16ಕ್ಕೆ 1ರ ಇಳಿಜಾರು. ತಿರುಗಿಸಿದಷ್ಟೂ ಅದು ಬೆಣೆಯಂತೆ ಬಾಯನ್ನು ಹಿಗ್ಗಿಸುತ್ತದೆ. ಹಿತ್ತಾಳೆಯ ನಿಪ್ಪಲ್ (ಎರಡೂ ತುದಿಗೆ ಥ್ರೆಡ್ ಇರುವ ಗಿಡ್ಡ ಕೊಳವೆ) ಬಗ್ಗುವುದಿಲ್ಲ, ಸೀಳುವುದು ಪ್ಲಾಸ್ಟಿಕ್ ಬಾಯಿಯೇ. ನಾನು ಮೊದಲ ಸಲ ಕೂರಿಸಿದಾಗ ಹಿತ್ತಾಳೆ ನಿಪ್ಪಲ್‌ಗೆ ಪೈಪ್ ರೆಂಚ್ ಹಾಕಿ, ಯಾವುದಕ್ಕೂ ಇರಲಿ ಎಂದು ಇನ್ನೊಂದು ಸುತ್ತು ಬಿಗಿದಿದ್ದೆ. ಹತ್ತು ದಿನ ಒಣಗಿಯೇ ಇತ್ತು. ಹನ್ನೊಂದನೆಯ ದಿನ ಬೆಳಗ್ಗೆ ನೆಲವೆಲ್ಲ ನೀರು. ಅಂದಿನಿಂದ ಪ್ಲಾಸ್ಟಿಕ್ ಬಾಯಿಗೆ ಪ್ಲಾಸ್ಟಿಕ್ ಎಂಟಿಎಯನ್ನೇ (ಒಂದು ತುದಿಗೆ ಹೊರ ಥ್ರೆಡ್, ಇನ್ನೊಂದಕ್ಕೆ ಪೈಪ್ ಸೇರುವ ಬಾಯಿ ಇರುವ ತುಂಡು) ಹಾಕುತ್ತೇನೆ. ಲೋಹದ ಪೈಪೇ ಇರುವಲ್ಲಿ, ಬಾಯೊಳಗೆ ಹಿತ್ತಾಳೆ ಥ್ರೆಡ್ ಅಚ್ಚಾಗಿ ಕೂತಿರುವ ಹೌಸಿಂಗ್ ಆರಿಸುವುದು ಮೇಲು.

ಮೇಜಿನ ಮೇಲೆ ಜೋಡಣೆ

ಗೋಡೆಗೆ ಹೋಗುವ ಮೊದಲೇ ಹೆಡ್‌ನ ಎರಡೂ ಬಾಯಿಗಳಿಗೆ ಫಿಟ್ಟಿಂಗ್ ಬಿಗಿದುಕೊಳ್ಳಿ. ಮೇಜಿನ ಮೇಲೆ ಕೈಗೆ ಹದ ಸಿಗುತ್ತದೆ, ಗೋಡೆಗೆ ಮುಖ ಒತ್ತಿಕೊಂಡು ಮಾಡುವಾಗ ಸಿಗುವುದಿಲ್ಲ.

ಟೆಫ್ಲಾನ್ ಟೇಪ್ ಸುತ್ತುವಾಗ ಥ್ರೆಡ್‌ನ ತುದಿ ನಿಮ್ಮ ಮುಖಕ್ಕೆ ಇರಲಿ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಸುತ್ತಿ. ತಿರುಗು ಮುರುಗಾಗಿ ಸುತ್ತಿದರೆ ಬಿಗಿಯುವಾಗ ಟೇಪ್ ಬಿಚ್ಚಿಕೊಂಡು ಹೊರಗೆ ಗುಪ್ಪೆಯಾಗುತ್ತದೆ. ತುದಿಯ ಮೊದಲ ಎಳೆಯನ್ನು ಬರಿದಾಗಿಯೇ ಬಿಡಿ, ಇಲ್ಲದಿದ್ದರೆ ಟೇಪಿನ ಚೂರು ಒಳಗೆ ಸೇರಿ ಮುಂದಿನ ನಲ್ಲಿಯ ಜಾಲರಿಗೆ ಸಿಕ್ಕಿಕೊಳ್ಳುತ್ತದೆ. ಮೂರರಿಂದ ಐದು ಸುತ್ತು ಸಾಕು. ಹತ್ತು ಹದಿನೈದು ಸುತ್ತಿದರೆ ಭದ್ರ ಎಂಬ ನಂಬಿಕೆ ಬಿಡಿ. ದಪ್ಪ ಟೇಪ್ ಎಂದರೆ ದಪ್ಪ ಬೆಣೆ. ಎಣ್ಣೆಬಣ್ಣ ಹಚ್ಚಿ ನಾರು ಸುತ್ತುವುದು ಕಬ್ಬಿಣದ ಪೈಪಿಗೆ ಸರಿ, ಪ್ಲಾಸ್ಟಿಕ್‌ಗೆ ಬೇಡ: ಕೆಲವು ದ್ರಾವಕಗಳು ಪ್ಲಾಸ್ಟಿಕ್ಕನ್ನೇ ತಿನ್ನುತ್ತವೆ.

ಮೊದಲು ಕೈಯಲ್ಲೇ ಹೋಗುವಷ್ಟು ತಿರುಗಿಸಿ. ಆಮೇಲೆ ರೆಂಚ್ ಹಿಡಿದು ಒಂದು ಸುತ್ತು, ಹೆಚ್ಚೆಂದರೆ ಒಂದೂವರೆ. ಅಲ್ಲಿಗೆ ನಿಲ್ಲಿಸಿ.

ಗೋಡೆ

ಹೌಸಿಂಗ್ ಜೊತೆ ‘ಎಲ್’ ಆಕಾರದ ಲೋಹದ ಬ್ರಾಕೆಟ್ ಮತ್ತು ಚಿಕ್ಕ ಸ್ಕ್ರೂಗಳು ಸಾಮಾನ್ಯವಾಗಿ ಸಿಗುತ್ತವೆ. ಬ್ರಾಕೆಟ್ ಹೆಡ್‌ನ ನೆತ್ತಿಗೆ ಬರುತ್ತದೆ. ಕೊಟ್ಟ ಸ್ಕ್ರೂ ಕಳೆದುಹೋಯಿತೆಂದು ಉದ್ದದ್ದನ್ನು ಹಾಕಬೇಡಿ, ಅದು ಹೆಡ್ಡನ್ನು ತೂರಿ ನೀರಿನ ಜಾಗಕ್ಕೆ ಇಳಿದೀತು.

ಬ್ರಾಕೆಟ್ಟನ್ನು ಗೋಡೆಗೆ ಹಿಡಿದು, ರಸಮಟ್ಟ ಇಟ್ಟು, ತೂತುಗಳಿಗೆ ಗುರುತು ಹಾಕಿ. ಬೌಲ್ ನೆಟ್ಟಗೆ ಇಳಿಬಿದ್ದಿರಬೇಕು. ಒಳಗೆ ಪೈಪೋ ವೈರೋ ಹಾದುಹೋಗಿದೆಯೇ ಎಂದು ಖಾತ್ರಿ ಮಾಡಿಕೊಂಡೇ ಡ್ರಿಲ್ ಹಿಡಿಯಿರಿ. ರಾವಲ್ ಪ್ಲಗ್ (ಸ್ಕ್ರೂ ಹಿಡಿಯಲು ತೂತಿಗೆ ಹೊಡೆಯುವ ಬೆಣೆ) ಗಾರೆಯಲ್ಲಿ ನಿಂತರೆ ಸಾಲದು, ಅದರ ಹಿಂದಿನ ಇಟ್ಟಿಗೆಯನ್ನೋ ಕಾಂಕ್ರೀಟನ್ನೋ ಕಚ್ಚಬೇಕು. ಕೊರೆಯುವಾಗ ಬರುವ ಪುಡಿಯೇ ಹೇಳುತ್ತದೆ: ಬೂದು ಬಣ್ಣ ಹೋಗಿ ಕೆಂಪು ಬಂದರೆ ಇಟ್ಟಿಗೆ ಸಿಕ್ಕಿತು. ತೂತಿನ ಪುಡಿಯನ್ನು ಊದಿ ತೆಗೆದು ಪ್ಲಗ್ ಹೊಡೆಯಿರಿ. ಪೊಳ್ಳು ಗೋಡೆಯಾದರೆ ಮೊದಲು ಒಂದು ಮರದ ಹಲಗೆಯನ್ನು ಒಳಗಿನ ಕಂಬಗಳಿಗೆ ಬಿಗಿದು, ಅದರ ಮೇಲೆ ಬ್ರಾಕೆಟ್ ಕೂರಿಸುವುದೇ ದಾರಿ.

ಕೂರಿಸಿದ ಮೇಲೆ ಬೌಲ್ ಹಿಡಿದು ಜೋರಾಗಿ ತಿರುಚಿ ನೋಡಿ. ಬ್ರಾಕೆಟ್ ಕಮಕ್ ಕಿಮಕ್ ಎನ್ನಬಾರದು. ಈ ಪರೀಕ್ಷೆಗೆ ಇದೇ ಹೊತ್ತು, ಏಕೆಂದರೆ ಪೈಪ್ ಇನ್ನೂ ಸೇರಿಲ್ಲ.

ಈಗ ಪೈಪ್

ಪೈಪ್ ಕತ್ತರಿಸುವುದನ್ನು ಇಲ್ಲಿಯವರೆಗೆ ಮುಂದೂಡಿದ್ದಕ್ಕೆ ಕಾರಣವಿದೆ. ಹೌಸಿಂಗ್ ಎಲ್ಲಿ ಕೂತಿದೆಯೋ ಅಲ್ಲಿಗೆ ಪೈಪ್ ಬರಬೇಕು, ಪೈಪ್ ಇದ್ದಲ್ಲಿಗೆ ಹೌಸಿಂಗನ್ನು ಜಗ್ಗಬಾರದು. ಕೆಲವೇ ಮಿಲಿಮೀಟರ್ ವ್ಯತ್ಯಾಸವನ್ನು ಪೈಪ್ ಬಗ್ಗಿಸಿ ಸರಿ ಮಾಡಿದರೂ ಆ ಸೆಳೆತ ಬಾಯಿಯ ಮೇಲೆ ಹಗಲೂ ರಾತ್ರಿ ಉಳಿಯುತ್ತದೆ.

ಪಂಪ್ ಇದ್ದರೆ ಅದರ ಸ್ವಿಚ್ ಆರಿಸಿ, ಮುಖ್ಯ ವಾಲ್ವ್ ಮುಚ್ಚಿ, ಕೆಳಗಿನ ನಲ್ಲಿ ತೆರೆದು ಲೈನ್ ಖಾಲಿ ಮಾಡಿ. ಹೌಸಿಂಗ್‌ನ ಎರಡೂ ಕಡೆ ಒಂದೊಂದು ಬಾಲ್ ವಾಲ್ವ್, ಒಂದೊಂದು ಯೂನಿಯನ್ (ಪೈಪ್ ಕತ್ತರಿಸದೆ ಬಿಚ್ಚಬಹುದಾದ ಜೋಡಣೆ) ಇರಲಿ. ಸಾಧ್ಯವಾದರೆ ಮೂರನೆಯ ವಾಲ್ವ್ ಹಾಕಿ ಬೈಪಾಸ್ ದಾರಿಯನ್ನೂ ಮಾಡಿಕೊಳ್ಳಿ. ಕಾರ್ಟ್ರಿಜ್ ಬದಲಿಸುವಾಗ ನೀರು ನಿಲ್ಲುವುದಿಲ್ಲ. ಹೌಸಿಂಗ್‌ನ ಆಚೀಚೆ ಒಂದಡಿಯೊಳಗೆ ಪೈಪಿಗೂ ಕ್ಲ್ಯಾಂಪ್ ಬೇಕು. ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪಾದರೆ ಅಂಟು ಹಾಕುವಾಗ ಹೆಚ್ಚಾದದ್ದನ್ನು ಒರೆಸಿ, ಅದು ಥ್ರೆಡ್ಡಿಗಾಗಲಿ ಹೆಡ್‌ಗಾಗಲಿ ಇಳಿಯಬಾರದು. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಡಿ.

ಒಳಬರುವ ಬಾಯಿ, ಹೊರಹೋಗುವ ಬಾಯಿ ಅದಲು ಬದಲಾಗದಂತೆ ಹೆಡ್‌ನ ಮೇಲಿನ ಬಾಣದ ಗುರುತು ನೋಡಿ. ನೀರು ಕಾರ್ಟ್ರಿಜ್‌ನ ಹೊರಮೈಯಿಂದ ಒಳಗೆ ನುಗ್ಗಬೇಕು. ಉಲ್ಟಾ ಆದರೂ ನೀರು ಬರುತ್ತದೆ, ಅದಕ್ಕೇ ತಪ್ಪು ಬೇಗ ಗೊತ್ತಾಗುವುದಿಲ್ಲ. ಕೊಳೆ ಮಾತ್ರ ಒಳಗಿನ ಇಕ್ಕಟ್ಟಿನಲ್ಲಿ ಕಟ್ಟಿಕೊಂಡು ನೀರಿನ ಓಟ ಬೇಗ ಕುಗ್ಗುತ್ತದೆ.

ಬೌಲ್ ಮತ್ತು ಮೊದಲ ನೀರು

ಬೌಲ್‌ನ ಓ-ರಿಂಗ್ (ರಬ್ಬರ್ ಬಳೆ) ತೆಗೆದು ಒರೆಸಿ, ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ, ತಿರುಚದಂತೆ ಅದರ ತೋಡಿನಲ್ಲಿ ಕೂರಿಸಿ. ವ್ಯಾಸಲೀನ್, ಅಡುಗೆ ಎಣ್ಣೆ ಬೇಡ. ಪೆಟ್ರೋಲಿಯಂ ಜಿಡ್ಡಿಗೆ ಕೆಲವು ಜಾತಿಯ ರಬ್ಬರ್ ಊದಿಕೊಳ್ಳುತ್ತದೆ. ಬೌಲ್ ಬಿಗಿಯಲು ಎರಡು ಕೈ ಸಾಕು. ಜೊತೆಗೆ ಕೊಡುವ ಪ್ಲಾಸ್ಟಿಕ್ ಪಾನಾ ಇರುವುದು ಬಿಚ್ಚುವುದಕ್ಕೆ. ನೀರು ಸೋರದಂತೆ ತಡೆಯುವುದು ಓ-ರಿಂಗ್, ತೋಳಿನ ಬಲವಲ್ಲ.

ಬೌಲ್‌ನ ಥ್ರೆಡ್ ತಡೆಯುವ ಬಲವೇನೂ ಕಡಿಮೆಯದಲ್ಲ. ಪ್ರತಿ 10 ಮೀಟರ್ ಎತ್ತರದ ನೀರಿಗೆ ಚದರ ಸೆಂ.ಮೀ.ಗೆ ಸುಮಾರು 1 ಕೆ.ಜಿ. ಒತ್ತಡ. ಪಂಪಿನ ಲೈನಿನಲ್ಲಿ ಅದು 4 ಕೆ.ಜಿ. ಇದ್ದರೆ, 15 ಸೆಂ.ಮೀ. ಅಗಲದ ಬೌಲನ್ನು ಕೆಳಕ್ಕೆ ತಳ್ಳುವ ಬಲ 700 ಕೆ.ಜಿ. ಮೀರುತ್ತದೆ. ಮೇಲಾಗಿ ಹರಿಯುವ ನೀರನ್ನು ತಟ್ಟನೆ ನಿಲ್ಲಿಸಿದರೆ ಬೀಳುವ ಪೆಟ್ಟು. ರಷ್ಯಾದ ವಿಜ್ಞಾನಿ ನಿಕೊಲಾಯ್ ಝುಕೋವ್‌ಸ್ಕಿ 1898ರಲ್ಲಿ, ಮಾಸ್ಕೋದ ಪೈಪ್‌ಗಳಲ್ಲಿ ಪ್ರಯೋಗ ಮಾಡಿ ಇದರ ಲೆಕ್ಕ ಕೊಟ್ಟ. ಉಕ್ಕಿನ ಪೈಪಿನಲ್ಲಿ ಸೆಕೆಂಡಿಗೆ 1 ಮೀಟರ್ ಓಡುವ ನೀರು ಥಟ್ಟನೆ ನಿಂತರೆ ಒತ್ತಡ ಚದರ ಸೆಂ.ಮೀ.ಗೆ ಸುಮಾರು 12 ಕೆ.ಜಿ.ಯಷ್ಟು ಜಿಗಿಯುತ್ತದೆ. ಪ್ಲಾಸ್ಟಿಕ್ ಪೈಪ್ ಸ್ವಲ್ಪ ಹಿಗ್ಗುವುದರಿಂದ ಅಲ್ಲಿ ಪೆಟ್ಟು ಇದರ ಮೂರನೇ ಒಂದರಷ್ಟು. ಹೌಸಿಂಗ್ ಮೇಲೆ ಬರೆದ ಗರಿಷ್ಠ ಒತ್ತಡಕ್ಕೆ ನಿಮ್ಮ ಲೈನ್ ಹತ್ತಿರದಲ್ಲಿದ್ದರೆ, ಮೊದಲು ಒತ್ತಡ ತಗ್ಗಿಸುವ ವಾಲ್ವ್ ಹಾಕಿಸಿ.

ಅದಕ್ಕೇ ಮೊದಲ ನೀರನ್ನು ಹನಿಹನಿಯಾಗಿ ಬಿಡಬೇಕು. ಹೊರಹೋಗುವ ವಾಲ್ವ್ ಮುಚ್ಚಿಟ್ಟು, ಒಳಬರುವುದನ್ನು ಕಾಲು ಭಾಗ ತೆರೆಯಿರಿ. ಹೆಡ್‌ನ ನೆತ್ತಿಯಲ್ಲಿ ಕೆಂಪು ಗುಂಡಿ ಇದ್ದರೆ ಒತ್ತಿ ಹಿಡಿಯಿರಿ. ಮೊದಲು ಗಾಳಿ, ಆಮೇಲೆ ಚಿಮ್ಮುವ ನೀರು. ಬೌಲ್ ತುಂಬಿದ ಮೇಲೆ ವಾಲ್ವ್ ಪೂರ್ತಿ ತೆರೆದು, ಒಣ ಟಿಶ್ಯೂ ಕಾಗದವನ್ನು ಒಂದೊಂದೇ ಸಂದಿಗೆ ಒತ್ತಿ ನೋಡಿ. ಕಣ್ಣಿಗೆ ಕಾಣದ ಪಸೆಯನ್ನೂ ಕಾಗದ ತೋರಿಸುತ್ತದೆ. ಮರುದಿನ ಇನ್ನೊಮ್ಮೆ ನೋಡಿ. ಇಂಗಾಲದ ಕಾರ್ಟ್ರಿಜ್ ಆದರೆ ಮೊದಲು ಕಪ್ಪು ಪುಡಿ ಬರುತ್ತದೆ, ತಿಳಿಯಾಗುವವರೆಗೆ ಆ ನೀರನ್ನು ಹೊರಗೆ ಬಿಡಿ.

ಕೊನೆಯದಾಗಿ ಒಂದು ಮಾರ್ಕರ್ ಪೆನ್ ತೆಗೆದುಕೊಂಡು ಎರಡೂ ಬಾಯಿಗಳ ಬಳಿ, ಹೆಡ್‌ನಿಂದ ಫಿಟ್ಟಿಂಗ್ ಮೇಲಕ್ಕೆ ಹಾಯುವಂತೆ ಒಂದು ನೇರ ಗೆರೆ ಎಳೆಯಿರಿ. ಬ್ರಾಕೆಟ್‌ನಿಂದ ಗೋಡೆಯ ಮೇಲಕ್ಕೆ ಇನ್ನೊಂದು. ಮುಂದಿನ ಸಲ ಕಾರ್ಟ್ರಿಜ್ ಬದಲಿಸಿದ ಕೂಡಲೇ ಈ ಗೆರೆಗಳನ್ನು ನೋಡಿ. ಗೋಡೆಯ ಮೇಲಿನ ಗೆರೆ ತುಂಡಾಗಿದ್ದರೆ, ಥ್ರೆಡ್ ಮುಟ್ಟುವ ಮೊದಲು ಗೋಡೆಯ ಸ್ಕ್ರೂ ಬಿಗಿಯಿರಿ.