ಫೋನ್ ಡೆಡ್ ಆದರೆ ಮೊದಲು ಮೀಟರ್ ಹಿಡಿಯಿರಿ

ನಮ್ಮ ಮನೆ ಕಾಸರಗೋಡು ಕಡೆಯ ಪೆರ್ಲದಿಂದ ಒಳಗೆ, ಗುಡ್ಡೆಯ ಬುಡದಲ್ಲಿ. ಅಂಗಳದ ತುದಿಯಲ್ಲಿ ನಿಂತರೆ ಮೊಬೈಲಿಗೆ ಒಂದು ಕಡ್ಡಿ ಸಿಗ್ನಲ್ ಬರುತ್ತದೆ. ಜಗಲಿಗೆ ಹತ್ತಿದರೆ ಅದೂ ಇಲ್ಲ. ಹಾಗಾಗಿ ತಾಮ್ರದ ತಂತಿಯ ಹಳೇ ಲ್ಯಾಂಡ್‌ಲೈನ್ ನಮ್ಮಲ್ಲಿ ಇನ್ನೂ ಉಂಟು. ಭಾನುವಾರ ಸಂಜೆ ಪುತ್ತೂರಿನಿಂದ ಅತ್ತೆಯ ತಂಗಿ ಫೋನ್ ಮಾಡುತ್ತಾರೆ. ಆ ಹೊತ್ತಿಗೆ ಫೋನ್ ಡೆಡ್ ಆಗಿದ್ದರೆ ಅತ್ತೆಗೆ ರಾತ್ರಿ ಊಟ ಸೇರುವುದಿಲ್ಲ. ಲೈನ್ ನೋಡುವ ಕೆಲಸ ನನ್ನ ತಲೆಗೆ ಬಂದದ್ದು ಹೀಗೆ.

ಕಲಿಸಿದವರು ನಮ್ಮ ಲೈನ್‌ಮ್ಯಾನ್. ಅವರದು ಮಲಯಾಳ, ನನ್ನದು ಕನ್ನಡ, ವೋಲ್ಟು-ಓಮಿನ ಪಾಠವೆಲ್ಲ ತುಳುವಿನಲ್ಲೇ ನಡೆಯಿತು. ಅವರ ಮೊದಲ ಮಾತು, "ಅಕ್ಕ, ನಿಮ್ಮ ಮನೆ ಒಳಗೆ ನೋಡಿ ಮತ್ತೆ ನನ್ನನ್ನು ಕರೆಯಿರಿ." ಆಗ ಸ್ವಲ್ಪ ಸಿಟ್ಟು ಬಂದಿತ್ತು. ಈಗ ನಾನೂ ನೆರೆಕರೆಯವರಿಗೆ ಅದನ್ನೇ ಹೇಳುತ್ತೇನೆ. ನಿಮ್ಮ ಮನೆಗೆ ಫೈಬರ್ ಬಂದಿದ್ದರೆ ಇಲ್ಲಿ ಬರೆದದ್ದು ನಿಮಗಲ್ಲ, ಅದರ ದಾರಿಯೇ ಬೇರೆ.

ಮೀಟರ್ ಹಿಡಿಯುವ ಮೊದಲು ಒಂದು ಸಂಗತಿ ಗೊತ್ತಿರಬೇಕು. ಎಕ್ಸ್‌ಚೇಂಜಿನಲ್ಲಿ ದೊಡ್ಡ ಬ್ಯಾಟರಿಗಳ ಸಾಲು ಇರುತ್ತದೆ. ತಲಾ 2 ವೋಲ್ಟಿನ 24 ಸೆಲ್, ಒಟ್ಟು 48 ವೋಲ್ಟ್. ಸದಾ ಚಾರ್ಜಿನಲ್ಲಿರುವುದರಿಂದ ಅಳತೆಗೆ 50ರ ಮೇಲೆಯೂ ಸಿಗುತ್ತದೆ. ಈ ವೋಲ್ಟ್ ಎರಡು ತಂತಿಗಳ ಮೇಲೆ ನಿಮ್ಮ ಮನೆವರೆಗೂ ಬಂದು ಕಾದು ಕೂತಿರುತ್ತದೆ. ರಿಸೀವರ್ ಕೆಳಗಿದ್ದಾಗ ಕರೆಂಟ್ ಹರಿಯುವುದಿಲ್ಲ. ಎತ್ತಿದ ಕೂಡಲೇ ಎರಡು ತಂತಿ ಫೋನಿನೊಳಗೆ ಸೇರಿ ಸುತ್ತು ಪೂರ್ತಿಯಾಗುತ್ತದೆ, 20ರಿಂದ 40 ಮಿಲಿ ಆಂಪಿಯರಿನಷ್ಟು ಹರಿಯುತ್ತದೆ. ಎಕ್ಸ್‌ಚೇಂಜಿಗೆ ಅಷ್ಟೇ ಸಾಕು. ಈ ಮನೆಯವರು ಫೋನ್ ಎತ್ತಿದರು ಎಂದು ತಿಳಿದು ಡಯಲ್ ಟೋನ್ ಕೊಡುತ್ತದೆ. ಆಟಿ ತಿಂಗಳ ಜಡಿಮಳೆಯಲ್ಲಿ ಎರಡೆರಡು ದಿನ ಕರೆಂಟಿಲ್ಲದಿದ್ದರೂ ಈ ಫೋನ್ ನಡೆಯುವುದು ಆ ಬ್ಯಾಟರಿಯಿಂದಲೇ. ಕಾರ್ಡ್‌ಲೆಸ್ ಇಟ್ಟುಕೊಂಡವರಿಗೆ ಆ ಭಾಗ್ಯ ಇಲ್ಲ, ಅದಕ್ಕೆ ಮನೆಯ ಕರೆಂಟೂ ಬೇಕು.

ಈಗ ಕೆಲಸ. ಮೀಟರಿಲ್ಲದೆ ಮಾಡುವ ಪರೀಕ್ಷೆ ಮೊದಲು. ರಿಸೀವರ್ ಎತ್ತಿ ಬಾಯಿಯ ಕಡೆಗೆ ಉಫ್ ಎಂದು ಊದಿ. ನಿಮ್ಮ ಉಸಿರು ನಿಮ್ಮ ಕಿವಿಗೇ ಕೇಳಿದರೆ ತಂತಿಯಲ್ಲಿ ಕರೆಂಟ್ ಬರುತ್ತಿದೆ, ಫೋನೂ ಸರಿ ಇದೆ. ಏನೂ ಕೇಳದೆ ಕಲ್ಲಿನ ಹಾಗಿದ್ದರೆ ಮುಂದೆ ಹೋಗಿ. ಮುಂದೆ ಎಂದರೆ ಮನೆಯ ಬೇರೆ ಫೋನುಗಳತ್ತ. ಮಾಳಿಗೆಯಲ್ಲೋ ಅಡಿಕೆ ಕೋಣೆಯಲ್ಲೋ ಎಕ್ಸ್‌ಟೆನ್ಷನ್ ಇದ್ದು, ಅದರ ರಿಸೀವರ್ ಸರಿಯಾಗಿ ಕೂತಿರದಿದ್ದರೆ ಇಡೀ ಲೈನ್ ಸತ್ತ ಹಾಗೆಯೇ. ಹಾಗೇ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಎಕ್ಸ್‌ಚೇಂಜ್ ನಿಮ್ಮ ಲೈನನ್ನು ಬದಿಗೆ ಸರಿಸಿಡುತ್ತದೆ. ನಾನು ಎರಡು ಸಲ ದೂರು ಕೊಟ್ಟು, ಲೈನ್‌ಮ್ಯಾನ್ ಬಂದು ಮಾಳಿಗೆಯ ರಿಸೀವರ್ ಸರಿಯಾಗಿ ಇಟ್ಟು ಹೋಗಿದ್ದಾರೆ. ಚಹಾ ಮಾತ್ರ ಎರಡೂ ಸಲ ಕುಡಿದರು.

ಆಮೇಲೆ ಮೀಟರ್. ಪಂಪ್ ಶೆಡ್ಡಿನಲ್ಲಿ ಇರುವ ಸಾದಾ ಮಲ್ಟಿಮೀಟರ್ ಸಾಕು. ಡಿಸಿ ವೋಲ್ಟಿಗೆ ತಿರುಗಿಸಿ, 200ರ ಸ್ಥಾನದಲ್ಲಿ ಇಡಿ. ಗೋಡೆಯ ಮೇಲಿನ ಸಣ್ಣ ಬಿಳಿ ಡಬ್ಬಿ ಉಂಟಲ್ಲ, ರೋಸೆಟ್, ಅದರ ಮುಚ್ಚಳ ತೆಗೆಯಿರಿ. ಕಂಬದಿಂದ ಮನೆಗೆ ಇಳಿಯುವ ಡ್ರಾಪ್ ವೈರ್ ಬಂದು ಕೂತಿರುವ ಎರಡು ತಿರುಪುಗಳಿಗೆ ಮೀಟರಿನ ಕಡ್ಡಿ ಹಿಡಿಯಿರಿ. ಮೈನಸ್ ತೋರಿಸಿದರೆ ಗಾಬರಿ ಬೇಡ, ಕಡ್ಡಿ ಅದಲು ಬದಲಾಗಿದೆ ಅಷ್ಟೇ. ಬೆರಳು ತಾಗಿಸಬೇಡಿ. ಒಣ ಬೆರಳಿಗೆ 48 ವೋಲ್ಟ್ ಹೆಚ್ಚೇನೂ ಮಾಡದು, ಆದರೆ ರಿಂಗ್ ಬರುವಾಗ ಅದೇ ತಂತಿಯಲ್ಲಿ 75 ವೋಲ್ಟಿನಷ್ಟು ಎಸಿ ಬರುತ್ತದೆ. ಒಂದು ಭಾನುವಾರ ನಾನು ಎರಡು ತಿರುಪುಗಳಿಗೂ ಬೆರಳು ಇಟ್ಟಿದ್ದಾಗಲೇ ಪುತ್ತೂರಿನ ಕಾಲ್ ಬಂತು. ಬೆಲ್ಲಿಗಿಂತ ಮೊದಲು ಕೂಗಿದ್ದು ನಾನು.

ಗುಡುಗು ಮಿಂಚು ಇದ್ದರೆ ಈ ಕೆಲಸವೇ ಬೇಡ. ತುಲಾ ತಿಂಗಳ ಹಿಂಗಾರು ಮಳೆಯ ಸಿಡಿಲು ತಂತಿ ಹಿಡಿದು ಮನೆಯೊಳಗೇ ಬರುತ್ತದೆ.

ಮೀಟರ್ ಏನು ಹೇಳುತ್ತದೆ? ರಿಸೀವರ್ ಕೆಳಗಿದ್ದಾಗ 48ರಿಂದ 52, ಎತ್ತಿದಾಗ 6ರಿಂದ 12ರ ನಡುವೆ ಬಂದರೆ ಲೈನ್ ಆರೋಗ್ಯವಾಗಿದೆ. ಸೊನ್ನೆ ಬಂದರೆ, ಎಲ್ಲೋ ತಂತಿ ತುಂಡಾಗಿದೆ ಅಥವಾ ಎರಡು ತಂತಿ ಒಂದಕ್ಕೊಂದು ಅಂಟಿಕೊಂಡಿವೆ. ಆಗ ರೋಸೆಟ್ಟಿನಿಂದ ಮನೆಯೊಳಗೆ ಹೋಗುವ ವೈರನ್ನು ಬಿಚ್ಚಿ, ಹೊರಗಿನಿಂದ ಬಂದ ಜೋಡಿಯನ್ನು ಮಾತ್ರ ಮತ್ತೊಮ್ಮೆ ಅಳೆಯಿರಿ. ವೋಲ್ಟ್ ತಿರುಗಿ ಬಂದರೆ ತಪ್ಪು ಮನೆಯೊಳಗೆ. ಬರದಿದ್ದರೆ ಹೊರಗೆ, ಲೈನ್‌ಮ್ಯಾನಿಗೆ ಕರೆ ಹೋಗಲಿ. ಅರ್ಧಕ್ಕರ್ಧ ತಲೆನೋವು ಈ ಒಂದು ಬಿಚ್ಚುವಿಕೆಯಲ್ಲಿ ಮುಗಿಯುತ್ತದೆ ಎಂದು ನನ್ನ ಅಂದಾಜು.

ನನಗೆ ಜಾಸ್ತಿ ಆಟ ಆಡಿಸಿದ್ದು ಬೇರೊಂದು. ಕೆಳಗಿಟ್ಟಾಗ ಚೆಂದಕ್ಕೆ 50 ವೋಲ್ಟ್, ಎತ್ತಿದರೆ 1, ಡಯಲ್ ಟೋನ್ ಇಲ್ಲ. ಇದೆಂಥ ಮಾಯೆ ಮಾರಾಯ್ರೆ ಎಂದು ತಲೆ ಕೆರೆದುಕೊಂಡೆ. ತೋಟದ ಪೈಪನ್ನು ನೆನಪಿಸಿಕೊಂಡ ಮೇಲೆ ಅರ್ಥವಾಯಿತು. ಪೈಪಿನಲ್ಲಿ ಕಸ ಕಟ್ಟಿದ್ದರೂ ವಾಲ್ವ್ ಮುಚ್ಚಿರುವಾಗ ತುದಿಯಲ್ಲಿ ಒತ್ತಡ ಪೂರ್ತಿ ಇರುತ್ತದೆ. ತೆರೆದಾಗಲೇ ಗೊತ್ತಾಗುವುದು, ನೀರು ತೊಟ್ಟಿಕ್ಕುತ್ತದೆ. ತಂತಿಯಲ್ಲಿ ಆ ಕಸ ಎಂದರೆ ಜಾಯಿಂಟಿನ ಕಿಲುಬು. ಮಳೆಗಾಲ ಕಳೆದ ತಾಮ್ರದ ಜಾಯಿಂಟ್ ಬಿಚ್ಚಿ ನೋಡಿ, ಹಸಿರು ಹಿಟ್ಟು ಉದುರುತ್ತದೆ. ಮನೆಯ ಗೋಡೆಯ ಹೊರಗೆ ಇರುವ ಜಾಯಿಂಟಾದರೆ ಆ ತುದಿ ಕತ್ತರಿಸಿ, ಹೊಸ ತಾಮ್ರ ಕಾಣುವವರೆಗೆ ಕೆರೆದು, ಬಿಗಿಯಾಗಿ ಹೆಣೆದು, ಟೇಪ್ ಸುತ್ತಿ. ಜಾಯಿಂಟಿಗಿಂತ ಮೊದಲು ವೈರನ್ನು ಸ್ವಲ್ಪ ಕೆಳಗೆ ಬಾಗಿಸಿಬಿಡಿ, ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಕಂಬ ಹತ್ತುವ ಸಾಹಸ ಬೇಡ. ನಮ್ಮ ಕಡೆ ಎಷ್ಟೋ ಕಂಬಗಳಲ್ಲಿ ಕರೆಂಟಿನ ತಂತಿಯೂ ಪಕ್ಕದಲ್ಲೇ ಇರುತ್ತದೆ.

ಒಂದೇ ರಿಂಗ್ ಆಗಿ ನಿಂತುಬಿಡುತ್ತದೆಯೇ? ಮಳೆಯಲ್ಲಿ ಇದು ಸಾಮಾನ್ಯ. ಒದ್ದೆಯಾದ ಕಡೆ ಎರಡು ತಂತಿಗಳ ನಡುವೆ ಕರೆಂಟ್ ಸೋರುತ್ತದೆ. ನೀವು ಫೋನ್ ಎತ್ತಿದಿರಿ ಎಂದುಕೊಂಡು ಎಕ್ಸ್‌ಚೇಂಜ್ ರಿಂಗ್ ನಿಲ್ಲಿಸುತ್ತದೆ. ಬಿಸಿಲು ಬಂದರೆ ತಾನಾಗಿ ಸರಿಯಾಗುತ್ತದೆ, ಹಾಗಾಗಿ ದೂರು ಕೊಡುವಾಗ "ಮಳೆ ಬಂದರೆ ಮಾತ್ರ" ಎಂದು ಹೇಳುವುದನ್ನು ಮರೆಯಬೇಡಿ. ಇನ್ನು ಗುಂಯ್ ಎನ್ನುವ ಸದ್ದು. ಎರಡು ತಂತಿಗಳನ್ನು ಹೆಣೆದಿರುವುದು ಸುಮ್ನೆ ಅಲ್ಲ, ಕರೆಂಟಿನ ಲೈನಿನ ಗದ್ದಲ ಎರಡಕ್ಕೂ ಸಮವಾಗಿ ತಾಗಿ, ಒಂದನ್ನೊಂದು ಕಳೆದುಬಿಡಲಿ ಎಂದು. ಒಂದು ತಂತಿ ಮಾತ್ರ ಹಸಿ ಮರಕ್ಕೋ ಗೋಡೆಗೋ ತಾಗಿ ಅರ್ತ್ ಆದರೆ ಆ ಸಮ ತಪ್ಪುತ್ತದೆ, ಗುಂಯ್ ಶುರು.

ರಿಂಗ್ ಬರುತ್ತದೆ, ಮಾತೂ ಕೇಳುತ್ತದೆ, ನಂಬರ್ ಒತ್ತಿದರೆ ಮಾತ್ರ ಏನೂ ಆಗುವುದಿಲ್ಲವೇ? ಫೋನಿನ ಅಡಿಯಲ್ಲೋ ಬದಿಯಲ್ಲೋ ಪಿ, ಟಿ ಎಂಬ ಸಣ್ಣ ಸ್ವಿಚ್ ಇರುತ್ತದೆ, ಅದನ್ನು ಇನ್ನೊಂದು ಕಡೆಗೆ ಸರಿಸಿ ನೋಡಿ. ಟಿ ಎಂದರೆ ಟೋನ್. ಪ್ರತಿ ಅಂಕೆಗೂ ಎರಡು ಸ್ವರ ಒಟ್ಟಿಗೆ ಹೋಗುತ್ತವೆ, 5 ಒತ್ತಿದರೆ 770 ಮತ್ತು 1336 ಹರ್ಟ್ಸ್. ಪಿ ಎಂದರೆ ಪಲ್ಸ್, ಹಳೇ ತಿರುಗಿಸುವ ಡಯಲಿನ ಪದ್ಧತಿ. ಅದರಲ್ಲಿ ಲೈನನ್ನು ಕ್ಷಣ ಕಡಿದು ಸೇರಿಸುವುದೇ ಅಂಕೆ. 3ಕ್ಕೆ ಮೂರು ಸಲ, ಸೊನ್ನೆಗೆ ಹತ್ತು ಸಲ, ಸೆಕೆಂಡಿಗೆ ಹತ್ತರ ವೇಗದಲ್ಲಿ. ತವರಿನಲ್ಲಿ ಅಪ್ಪ ಡಯಲಿಗೆ ಪುಟ್ಟ ಬೀಗ ಹಾಕಿ ಕೀಲಿ ಕೈ ಕಿಸೆಯಲ್ಲಿಟ್ಟುಕೊಂಡು ಹೋಗುತ್ತಿದ್ದರು. ಅಣ್ಣ ರಿಸೀವರ್ ಇಡುವ ಗುಬ್ಬಿಯನ್ನೇ ಟಕಟಕ ಕುಟ್ಟಿ ಗೆಳೆಯರಿಗೆ ಫೋನ್ ಮಾಡುತ್ತಿದ್ದ. ಬಿಲ್ ಬಂದ ಮೇಲೆ ಕುಟ್ಟಿದ್ದು ಅಪ್ಪ.

ಎರಡು ತಂತಿ ಹೊರಗೆ ಅಂಟಿಕೊಂಡಿದ್ದರೆ ಎಲ್ಲಿ ಎಂದು ಹುಡುಕಲು ಒಂದು ಲೆಕ್ಕ ಉಂಟು. ಇದು ಲೈನ್‌ಮ್ಯಾನ್ ಬಂದಾಗಲೇ ಆಗುವಂಥದ್ದು, ಮನೆಮನೆಗೆ ಲೈನ್ ಹಂಚುವ ರಸ್ತೆ ಬದಿಯ ಡಿಪಿ ಬಾಕ್ಸಿನಲ್ಲಿ ಅವರು ನಿಮ್ಮ ಜೋಡಿಯನ್ನು ಬಿಚ್ಚಬೇಕು. ಅಳೆಯುವುದು ಓಮ್, ಅಂದರೆ ಕರೆಂಟಿಗೆ ತಂತಿ ಒಡ್ಡುವ ತಡೆ; ವೋಲ್ಟ್ ಇರುವ ತಂತಿಯಲ್ಲಿ ಅದನ್ನು ಅಳೆದರೆ ಸುಳ್ಳೇ ಬರುತ್ತದೆ. 0.5 ಮಿಲಿಮೀಟರಿನ ತಾಮ್ರಕ್ಕೆ ಹೋಗಿ ಬರುವ ಎರಡು ತಂತಿ ಸೇರಿ ಕಿಲೋಮೀಟರಿಗೆ ಸುಮಾರು 175 ಓಮ್. ಹೋದ ವರ್ಷ ನಮ್ಮ ಜಗಲಿಯಲ್ಲಿ ಮೀಟರ್ 42 ಎಂದಿತು. 42ನ್ನು 175ರಿಂದ ಭಾಗಿಸಿದರೆ 0.24, ಅಂದರೆ 240 ಮೀಟರ್. ನಾನು ತೋಟದಲ್ಲಿ ಹೆಜ್ಜೆ ಎಣಿಸುತ್ತಾ ಹೋದೆ. ತೋಡಿನ ಆಚೆ, ಹಲಸಿನ ಮರದ ಹತ್ತಿರ, ಅಳಿಲು ವೈರಿನ ಸಿಪ್ಪೆ ಕಡಿದು ಎರಡು ತಂತಿ ಒಂದಾಗಿದ್ದವು. ಲೆಕ್ಕಕ್ಕೂ ಮರಕ್ಕೂ ಹದಿನೈದು ಹೆಜ್ಜೆ ವ್ಯತ್ಯಾಸ. ಮೀಟರಿನ ತಪ್ಪೋ ನನ್ನ ಕಾಲಿನ ತಪ್ಪೋ ಎಂದು ಲೈನ್‌ಮ್ಯಾನ್ ನಕ್ಕರು.

ದೂರು ಕೊಡುವಾಗ "ಫೋನ್ ಡೆಡ್" ಎಂದಷ್ಟೇ ಹೇಳಬೇಡಿ. "ಒಳಗಿನ ವೈರ್ ಬಿಚ್ಚಿ ನೋಡಿದ್ದೇನೆ, ಕೆಳಗಿಟ್ಟರೆ 50, ಎತ್ತಿದರೆ 1" ಎನ್ನಿ. ನಮ್ಮ ಲೈನ್‌ಮ್ಯಾನ್ ಇದನ್ನು ಕೇಳಿದರೆ ಜಗಲಿಗೆ ಬರುವುದೇ ಇಲ್ಲ, ಏಣಿ ಹಿಡಿದು ನೇರ ಜಾಯಿಂಟಿನ ಕಂಬಕ್ಕೇ ಹೋಗುತ್ತಾರೆ. ಚಹಾವನ್ನು ನಾನೇ ಅಲ್ಲಿಗೆ ಒಯ್ಯಬೇಕು.