ನಾವು ಸೋಸಿ ಚೆಲ್ಲುವ ನಾರು

ನಮ್ಮ ಯಜಮಾನರಿಗೆ ಅರವತ್ತು ತುಂಬಿದ ವರ್ಷ ಮಲಬದ್ಧತೆ ಹೆಚ್ಚಿ, ಊಟದಲ್ಲಿ ನಾರಿನಂಶ ಹೆಚ್ಚಿಸಬೇಕೆಂದು ವೈದ್ಯರು ಹೇಳಿ ಕಳಿಸಿದರು. ನಾನು ಮರುದಿನವೇ ಬೆಳಿಗ್ಗೆ ತೌಡು ಬೆರೆಸಿದ ಗೋಧಿ ರೊಟ್ಟಿ, ಮಧ್ಯಾಹ್ನ ಮೊಳಕೆ ಹುರುಳಿಯ ಸಾರಿನೊಂದಿಗೆ ಬಾಳೆದಿಂಡಿನ ಪಲ್ಯ, ರಾತ್ರಿ ಕಡಲೆಯ ಉಸಲಿ ಎಂದು ಒಂದೇ ದಿನದಲ್ಲಿ ಎಲ್ಲವನ್ನೂ ಬಡಿಸಿಬಿಟ್ಟೆ. ಮೂರು ದಿನ ಅವರ ಹೊಟ್ಟೆ ಉಬ್ಬರಿಸಿಕೊಂಡೇ ಇತ್ತು. ನಾಲ್ಕನೆಯ ದಿನ ಅವರು ತಟ್ಟೆಯ ಮುಂದೆ ಕುಳಿತು, "ನಿನ್ನ ನಾರಿಗಿಂತ ನನ್ನ ಹಳೆಯ ತೊಂದರೆಯೇ ವಾಸಿಯಾಗಿತ್ತು" ಎಂದರು. ಆ ಮಾತಿನಲ್ಲಿ ನ್ಯಾಯವಿತ್ತು. ನಾರು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ಅದರಲ್ಲಿ ಒಂದಿಷ್ಟನ್ನು ಹುದುಗಿಸುವಾಗ ವಾಯು ಹುಟ್ಟುತ್ತದೆ. ಬಹುಕಾಲ ಬಿಳಿ ಅನ್ನಕ್ಕೇ ಒಗ್ಗಿದ ಹೊಟ್ಟೆಗೆ ಈ ಬದಲಾವಣೆ ಎರಡು ಮೂರು ವಾರಗಳಲ್ಲಿ ಮೆಲ್ಲಗೆ ಆಗಬೇಕು. ವಾರಕ್ಕೆ ಒಂದು ಹೊಸ ಪದಾರ್ಥ ಸೇರಿಸುತ್ತ ಹೋಗುವುದು, ಜೊತೆಗೆ ನೀರನ್ನೂ ಮಜ್ಜಿಗೆಯನ್ನೂ ಹೆಚ್ಚಿಸುವುದು ನಾನು ಕಂಡುಕೊಂಡ ಕ್ರಮ. ನೀರು ಕಡಿಮೆಯಾದರೆ ಅದೇ ನಾರು ಗಟ್ಟಿಯಾಗಿ ಕುಳಿತು, ಇದ್ದ ತೊಂದರೆಯನ್ನು ಇಮ್ಮಡಿಸುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದಂತೆ ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಆಹಾರದಿಂದಲೇ ದೊರೆಯಬೇಕು. ಗ್ರಾಂ ಲೆಕ್ಕ ಹಿಡಿದು ಅಡುಗೆ ಮಾಡಲು ಯಾರಿಂದಲೂ ಆಗದು, ಆದರೆ ಒಂದೆರಡು ಅಂಕೆಗಳು ಮನಸ್ಸಿನಲ್ಲಿದ್ದರೆ ಸೌಟು ತಾನಾಗಿ ಸರಿಯಾದ ಪಾತ್ರೆಗೆ ಹೋಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯ ಪ್ರಕಾರ ನೂರು ಗ್ರಾಂ ಪಾಲಿಶ್ ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇಲ್ಲ, ಅಷ್ಟೇ ರಾಗಿಯಲ್ಲಿ ಸುಮಾರು 11 ಗ್ರಾಂ ಇದೆ. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಹೆಸರಿನ ಲೆಕ್ಕ: ಇಡೀ ಹೆಸರುಕಾಳಿನಲ್ಲಿ ಸುಮಾರು 17 ಗ್ರಾಂ ಇದ್ದರೆ, ಸಿಪ್ಪೆ ತೆಗೆದ ಹೆಸರುಬೇಳೆಯಲ್ಲಿ ಉಳಿಯುವುದು 9 ಗ್ರಾಂ ಮಾತ್ರ. ಅಂದರೆ ಅರ್ಧದಷ್ಟು ನಾರು ಆ ತೆಳು ಹಸಿರು ಸಿಪ್ಪೆಯ ಜೊತೆಗೇ ಹೋಯಿತು. ನಾರಿಗಾಗಿ ಅಂಗಡಿಯಿಂದ ಹೊಸದನ್ನು ತರುವ ಮೊದಲು, ನಮ್ಮ ಅಡುಗೆಮನೆಯಿಂದ ದಿನವೂ ಏನೇನು ಹೊರಗೆ ಹೋಗುತ್ತಿದೆ ಎಂದು ನೋಡಬೇಕೆಂಬುದು ನನಗೆ ಅಲ್ಲಿಂದ ಹೊಳೆಯಿತು.

ನಾನು ಹುಟ್ಟಿ ಬೆಳೆದದ್ದು ಶಿರಸಿ ಕಡೆಯ ಅಡಿಕೆ ತೋಟದ ಮನೆಯಲ್ಲಿ. ಯಜಮಾನರ ಕೆಲಸದ ಕಾರಣದಿಂದ ಮೂವತ್ತಕ್ಕೂ ಹೆಚ್ಚು ವರ್ಷ ಕಳೆದದ್ದು ಕಾರವಾರದಲ್ಲಿ. ಎರಡೂ ಕಡೆಯ ಅಡುಗೆಯಲ್ಲಿ ನಾರಿಗೆ ಕೊರತೆಯಿಲ್ಲ, ಆದರೆ ಎರಡೂ ಕಡೆ ಅದು ಸೋಸುವ ಬಟ್ಟೆಯಲ್ಲಿ ಉಳಿದುಬಿಡುತ್ತದೆ. ತಂಬುಳಿಯನ್ನೇ ನೋಡಿ. ಒಂದೆಲಗವನ್ನೋ ದೊಡ್ಡಪತ್ರೆಯನ್ನೋ ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಬಾಡಿಸಿ, ಕಾಯಿತುರಿಯೊಂದಿಗೆ ರುಬ್ಬಿ ಮಜ್ಜಿಗೆಗೆ ಬೆರೆಸುವಾಗ, ನುಣುಪಾಗಿರಲೆಂದು ಸೋಸುವ ರೂಢಿ ಕೆಲವು ಮನೆಗಳಲ್ಲಿದೆ. ಸೋಸಿದ ಮೇಲೆ ಪರಿಮಳವೂ ತಂಪೂ ಉಳಿಯುತ್ತವೆ, ಎಲೆ ಮಾತ್ರ ಚೆಲ್ಲಿಹೋಗುತ್ತದೆ. ಒರಳಿನಲ್ಲಾಗಲಿ ಮಿಕ್ಸಿಯಲ್ಲಾಗಲಿ ಇನ್ನೆರಡು ಸುತ್ತು ಹೆಚ್ಚಿಗೆ ರುಬ್ಬಿದರೆ ಸೋಸುವ ಅಗತ್ಯವೇ ಬೀಳದು. ಬೇಸಿಗೆಯಲ್ಲಿ ಮಾಡುವ ರಾಗಿ ಮಣ್ಣಿಯದೂ ಇದೇ ಕಥೆ: ರಾಗಿಯನ್ನು ನೆನೆಸಿ, ರುಬ್ಬಿ, ಹಾಲು ಹಿಂಡಿ ತೆಗೆದ ಮೇಲೆ ಉಳಿಯುವ ಚರಟದಲ್ಲೇ ನಾರಿನ ದೊಡ್ಡ ಪಾಲು ಇರುತ್ತದೆ. ನಾನು ಅದನ್ನು ಎಸೆಯದೆ ಮರುದಿನದ ತೆಳ್ಳೇವಿನ ಹಿಟ್ಟಿಗೆ ಸೇರಿಸುತ್ತೇನೆ. ದೋಸೆ ಸ್ವಲ್ಪ ಒರಟಾಗುತ್ತದೆ, ಚಟ್ನಿ ಖಾರವಾಗಿದ್ದರೆ ಯಾರೂ ಗಮನಿಸುವುದಿಲ್ಲ. ಕಾಯಿಯ ಹಾಲು ಹಿಂಡಿ ಮಾಡುವ ಪಾಯಸಕ್ಕೆ ನನ್ನ ತಕರಾರಿಲ್ಲ, ಹಬ್ಬ ಹಬ್ಬವೇ. ದಿನದ ಹುಳಿಗೆ, ಗಸಿಗೆ ಮಾತ್ರ ಕಾಯಿಯನ್ನು ರುಬ್ಬಿ ಹಾಗೆಯೇ ಹಾಕಬೇಕು. ತೆಂಗಿನಕಾಯಿಯಲ್ಲಿ ಕೊಬ್ಬೂ ಧಾರಾಳವಾಗಿರುವುದರಿಂದ, ನಾರಿನ ನೆಪದಲ್ಲಿ ಒಂದು ಹೋಳಿನ ಜಾಗಕ್ಕೆ ಎರಡು ಹೋಳು ತುರಿಯುವುದೂ ಬೇಡ.

ಅನ್ನವನ್ನು ಬಿಡಿಸಿ ನಮ್ಮ ಜಿಲ್ಲೆಯವರಿಗೆ ಊಟ ಹಾಕಲು ಸಾಧ್ಯವಿಲ್ಲ, ಆದ್ದರಿಂದ ಅಕ್ಕಿಯನ್ನೇ ಬದಲಿಸಬೇಕು. ಕರಾವಳಿಯ ಕೆಂಪು ಕುಚಲಕ್ಕಿ ಇದಕ್ಕೆ ಒಳ್ಳೆಯ ದಾರಿ. ಅಘನಾಶಿನಿ ನದಿಯ ಗಜನಿಗಳಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಆ ಉಪ್ಪನ್ನು ತಡೆದು ಬೆಳೆಯುವ ಕಗ್ಗದ ಅಕ್ಕಿ ಸಿಕ್ಕರಂತೂ ಬಿಡಬಾರದು. ಕೊಳ್ಳುವಾಗ ಒಂದು ಎಚ್ಚರಿಕೆ ಅಗತ್ಯ. ಕುಚಲಕ್ಕಿ ಎಂಬ ಹೆಸರಿದ್ದ ಮಾತ್ರಕ್ಕೆ ನಾರಿದೆ ಎಂದಲ್ಲ, ಏಕೆಂದರೆ ಭತ್ತವನ್ನು ಕುದಿಸುವುದು ಬೇರೆ, ಗಿರಣಿಯಲ್ಲಿ ತೌಡು ತೆಗೆಯುವುದು ಬೇರೆ. ಅಂಗೈಯಲ್ಲಿ ಹಿಡಿದು ನೋಡಿದಾಗ ಕಾಳಿನ ಮೇಲೆ ಕೆಂಪು ಪದರ ಕಾಣಬೇಕು; ಬರೀ ಬೆಳ್ಳಗೆ ಹೊಳೆಯುವ ಕುಚಲಕ್ಕಿಯಲ್ಲಿ ತೌಡು ಆಗಲೇ ಹೋಗಿರುತ್ತದೆ. ಈ ಅಕ್ಕಿಯನ್ನು ರಾತ್ರಿಯೇ ನೆನೆಹಾಕಿದರೆ ಬೆಳಿಗ್ಗೆ ಬೇಗ ಬೇಯುತ್ತದೆ, ಅನಿಲವೂ ಉಳಿಯುತ್ತದೆ. ಮೊದಮೊದಲು ಮಕ್ಕಳು ಒಪ್ಪುವುದಿಲ್ಲ. ರಾತ್ರಿಯ ಗಂಜಿಯಿಂದ ಆರಂಭಿಸಿ, ಅಪ್ಪೆಮಿಡಿ ಉಪ್ಪಿನಕಾಯಿಯನ್ನೋ ಹುರುಳಿ ಚಟ್ನಿಯನ್ನೋ ಜೊತೆಗಿಟ್ಟು, ಅನ್ನಕ್ಕೆ ಆಮೇಲೆ ಬರುವುದು ಜಾಣತನ.

ಬಾಳೆದಿಂಡಿನ ವಿಷಯದಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ನಗರದಲ್ಲಿ ಬೆಳೆದ ಸೊಸೆಯಂದಿರು ಇದನ್ನು ಕಂಡರೆ ಹಿಂದೆ ಸರಿಯುವುದನ್ನು ನಾನು ನೋಡಿದ್ದೇನೆ. ಗೊನೆ ಕಡಿದ ಮೇಲೆ ಬಾಳೆಯ ಹೊರಪದರಗಳನ್ನು ಒಂದೊಂದಾಗಿ ಸುಲಿಯುತ್ತ ಹೋದರೆ, ಇನ್ನು ಸುಲಿಯಲು ಬಾರದ ಬಿಳಿಯ ದಿಂಡು ಸಿಗುತ್ತದೆ. ಉಗುರು ಸಲೀಸಾಗಿ ಇಳಿದರೆ ಅದು ಎಳೆಯದು. ಅಂಗೈಗೆ ಎಣ್ಣೆ ಸವರಿಕೊಂಡು ತೆಳುವಾದ ಬಿಲ್ಲೆಗಳಾಗಿ ಕೊಯ್ಯುವಾಗ, ಒಂದೊಂದು ಬಿಲ್ಲೆಯಿಂದಲೂ ಜೇಡರ ಬಲೆಯಂಥ ಎಳೆಗಳು ಹೊರಬರುತ್ತವೆ. ಅವನ್ನು ತೋರುಬೆರಳಿಗೆ ಸುತ್ತಿ ತೆಗೆಯಬೇಕು. ನಾರು ಬೇಕೆಂದು ಇವನ್ನು ಬಿಡುವುದು ತಪ್ಪು. ಅವು ಹಲ್ಲಿಗೂ ಗಂಟಲಿಗೂ ಸುತ್ತಿಕೊಳ್ಳುತ್ತವೆ, ಉಪಯೋಗಕ್ಕೆ ಬರುವ ನಾರು ದಿಂಡಿನಲ್ಲಿ ಬೇಕಾದಷ್ಟು ಉಳಿದೇ ಇರುತ್ತದೆ. ಕೊಯ್ದ ಹೋಳುಗಳನ್ನು ಮಜ್ಜಿಗೆ ಬೆರೆಸಿದ ನೀರಿನಲ್ಲಿ ಹಾಕದಿದ್ದರೆ ಕ್ಷಣದಲ್ಲಿ ಕಪ್ಪಾಗುತ್ತವೆ. ಅಲ್ಲಿಂದ ಮುಂದೆ ದಾರಿಗಳು ಹಲವು. ಸಣ್ಣಗೆ ಕೊಚ್ಚಿ, ಕಾಯಿ, ಹಸಿಮೆಣಸು ರುಬ್ಬಿ ಹಾಕಿ, ಮೊಸರು ಬೆರೆಸಿ ಒಗ್ಗರಣೆ ಕೊಟ್ಟರೆ ಹಶಿ; ರುಬ್ಬುವಾಗ ಒಂದು ಚಮಚ ಸಾಸಿವೆ ಬಿದ್ದರೆ ಅದೇ ಬೇರೆ ರುಚಿಯಾಗುತ್ತದೆ; ನೆನೆದ ಹೆಸರಿನೊಂದಿಗೆ ಬೇಯಿಸಿದರೆ ಪಲ್ಯ; ಮಿಕ್ಕದ್ದನ್ನು ಅಕ್ಕಿಯೊಂದಿಗೆ ರುಬ್ಬಿದರೆ ಮರುದಿನಕ್ಕೆ ತೆಳ್ಳೇವು. ಒಂದು ದಿಂಡು ಮೂರು ದಿನ ನಡೆಯಿತು, ಮೂರು ದಿನವೂ ಒಂದೇ ತಿಂದೆವೆಂದು ಯಾರಿಗೂ ಅನ್ನಿಸಲಿಲ್ಲ. ವರ್ಷಕ್ಕೊಮ್ಮೆಯಾದರೂ ಬಾಳೆದಿಂಡು ತಿಂದರೆ ಹೊಟ್ಟೆಗೆ ಹೋದ ಕೂದಲು ಕರಗುತ್ತದೆ ಎಂದು ನನ್ನ ಆಯಿ ಹೇಳುತ್ತಿದ್ದಳು. ಕೂದಲು ಕರಗುವುದನ್ನು ನಾನು ನಂಬುವುದಿಲ್ಲ, ಆದರೆ ಆ ಮಾತಿನ ಬಲದಿಂದ ದಿಂಡು ನಮ್ಮ ತಟ್ಟೆಗೆ ಬರುತ್ತಿತ್ತು. ಇತ್ತೀಚೆಗೆ ಹಲವರು ದಿಂಡನ್ನು ಹಿಂಡಿ ರಸ ಮಾತ್ರ ಕುಡಿಯುತ್ತಾರೆ. ಅವರ ಮನೆಯ ನಾರೆಲ್ಲ ಹಟ್ಟಿಯ ದನಕ್ಕೆ ಸಲ್ಲುತ್ತದೆ.

ಈ ರೂಪ ಬದಲಿಸುವ ಕ್ರಮವನ್ನೇ ಬೇರೆ ತರಕಾರಿಗಳಿಗೂ ಅನ್ವಯಿಸಬಹುದು. ನಾರಿನ ಅಡುಗೆ ಒಂದು ಮನೆಯಲ್ಲಿ ನಿಲ್ಲದೆ ಹೋಗುವುದು ರುಚಿ ಕಡಿಮೆಯೆಂದಲ್ಲ, ಏಕತಾನತೆಯಿಂದ. ಮೊಮ್ಮಗ ರಜೆಗೆ ಬಂದಾಗ ಸತತ ಎರಡು ದಿನ ಮೊಳಕೆಕಾಳಿನ ಉಸಲಿ ಮಾಡಿದ್ದೆ, ಮೂರನೆಯ ದಿನ ಬಾಣಲೆಯ ಮುಚ್ಚಳ ಎತ್ತಿ ನೋಡಿ, "ಅಮ್ಮಮ್ಮಾ, ಇವತ್ತೂ ಅದೇನಾ?" ಎಂದು ಕೇಳಿದ. ಅದೇ ಮೊಳಕೆ ಹೆಸರನ್ನು ಕಾರವಾರದ ನಮ್ಮ ಪಕ್ಕದ ಮನೆಯವರು ಕಾಯಿಮಸಾಲೆಯಲ್ಲಿ ಬೇಯಿಸಿ ಕೊಟ್ಟ ದಿನ ಅವನೇ ಎರಡು ಸಲ ಬಡಿಸಿಕೊಂಡ. ಹೀರೆಕಾಯಿಯ ತಿರುಳು ಹುಳಿಗೆ ಹೋದರೆ ಸಿಪ್ಪೆ ಚಟ್ನಿಗೆ ಬರಬೇಕು. ಬಾಳೆಕಾಯಿಯ ಸಿಪ್ಪೆಯನ್ನು ಬೇಯಿಸಿ, ಸಣ್ಣಗೆ ಹೆಚ್ಚಿ, ಅಲಸಂದೆ ಕಾಳಿನೊಂದಿಗೆ ಪಲ್ಯ ಮಾಡಬಹುದು. ಎಳೆಯ ಸೌತೆಕಾಯಿಯನ್ನು ಸಿಪ್ಪೆಸಹಿತ ತುರಿದು ತೆಳ್ಳೇವಿಗೆ ಹಾಕಿದರೆ ಶಾಲೆಯ ಡಬ್ಬಿಗೂ ಆಗುತ್ತದೆ: ಎರಡು ಲೋಟ ನೆನೆದ ಅಕ್ಕಿಗೆ ಒಂದೂವರೆ ಲೋಟ ತುರಿ, ಒಂದು ಚಮಚ ನೆನೆದ ಮೆಂತ್ಯ ಸಾಕು. ಕಹಿ ಇದೆಯೇ ಎಂದು ಮೊದಲು ತುಣುಕೊಂದನ್ನು ಬಾಯಿಗೆ ಹಾಕಿ ನೋಡುವುದನ್ನು ಮರೆಯಬಾರದು. ಕಹಿಯಿದ್ದರೆ ಆ ಕಾಯಿಯನ್ನೇ ಬಿಡಬೇಕು.

ಮೀನು ತಿನ್ನುವ ಮನೆಗಳಿಗೆ ಒಂದು ಮಾತು. ಮೀನಿನಲ್ಲಿ ಸತ್ವ ಬೇಕಾದಷ್ಟಿದೆ, ನಾರು ಇಲ್ಲ. ಬಿಳಿ ಅನ್ನ, ಮೀನಿನ ಸಾರು, ಹುರಿದ ಮೀನು ಇಷ್ಟಕ್ಕೇ ಊಟ ಮುಗಿದರೆ ಇಡೀ ತಟ್ಟೆಯಲ್ಲಿ ನಾರಿನ ಸುಳಿವೇ ಇರುವುದಿಲ್ಲ. ಬದಿಗೆ ಒಂದು ಹರಿವೆ ಸೊಪ್ಪಿನ ಪಲ್ಯವೋ, ಬಸಳೆಯ ಗಸಿಯೋ ಇರಲೇಬೇಕು. ಕಾರವಾರದ ಭಾನುವಾರದ ಸಂತೆಯಲ್ಲಿ ಸೊಪ್ಪು ಕೊಳ್ಳುವವರು ಬಸಳೆಯ ಎಲೆಯನ್ನು ಮಾತ್ರ ಉಳಿಸಿ ದಂಟನ್ನು ಕಸಕ್ಕೆ ಹಾಕುವುದನ್ನು ಕಂಡಾಗಲೆಲ್ಲ ನನಗೆ ಹೇಳಬೇಕೆನ್ನಿಸುತ್ತದೆ: ದಂಟನ್ನು ಬೆರಳುದ್ದ ಮುರಿದು ಮೊದಲು ಬೇಯಲಿಡಿ, ಎಲೆಯನ್ನು ಕೊನೆಗೆ ಸೇರಿಸಿ.

ಹಣ್ಣಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಕುಡಿಯದೆ ತಿನ್ನಬೇಕು, ಅಷ್ಟೆ. ಪೇರಲೆಯನ್ನು ಬೀಜ ಸಮೇತ ಕಚ್ಚಿ ತಿನ್ನಲು ಹಲ್ಲಿಲ್ಲದ ನನ್ನ ವಯಸ್ಸಿನವರು ಅದನ್ನು ಬೇಯಿಸಿ ಗೊಜ್ಜು ಮಾಡಿಕೊಳ್ಳಬಹುದು.

ಔಷಧಿ ಅಂಗಡಿಯಲ್ಲಿ ಸಿಗುವ ಇಸಬಗೋಲಿನ ಪುಡಿಯನ್ನು ತೆಗೆದುಕೊಳ್ಳುವವರು ದೊಡ್ಡ ಲೋಟ ನೀರಿನಲ್ಲಿ ಕದಡಿ ತಕ್ಷಣ ಕುಡಿಯಬೇಕು. ಒಣಗಿದ್ದನ್ನು ಬಾಯಿಗೆ ಸುರಿದುಕೊಂಡರೆ ಅದು ಗಂಟಲಲ್ಲೇ ಉಬ್ಬಿ ಅಪಾಯ ತರಬಹುದು. ಕರುಳಿನ ಶಸ್ತ್ರಚಿಕಿತ್ಸೆ ಆದವರು, ಕರುಳು ಕಿರಿದಾಗಿದೆ ಎಂದು ವೈದ್ಯರು ಹೇಳಿದವರು, ಮೂತ್ರಪಿಂಡದ ಕಾಯಿಲೆಗೆ ಪಥ್ಯದಲ್ಲಿರುವವರು ನನ್ನಂಥವರ ಮಾತು ಕೇಳಿ ಸೊಪ್ಪು, ಕಾಳು ಹೆಚ್ಚಿಸಬಾರದು, ತಮ್ಮ ವೈದ್ಯರನ್ನೇ ಕೇಳಬೇಕು.

ಇನ್ನು ಮಳೆಗಾಲ. ಸಂತೆಯಲ್ಲಿ ತರಕಾರಿ ದುಬಾರಿಯಾಗುವ ಆ ಎರಡು ಮೂರು ತಿಂಗಳಲ್ಲಿ ಶಿರಸಿ ಕಡೆಯವರಿಗೆ ನಾರು ಬೇಲಿಯ ಮೂಲೆಯಲ್ಲೇ ಬೆಳೆದಿರುತ್ತದೆ. ಕೆಸುವಿನ ಎಲೆಯನ್ನು ದಂಟಿನ ಸಮೇತ ಕೊಚ್ಚಿ, ಹಸಿಮೆಣಸು ಸೇರಿಸಿ ಬೇಯಿಸಿ, ಹುಳಿ ಹಿಂಡಿ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟ ಕರಕಲಿಯ ಮುಂದೆ ಬೇರೆ ಸೊಪ್ಪು ನನಗೆ ಸಪ್ಪೆ. ಕೆಸುವಿನಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿರುವುದರಿಂದ ಗಂಟಲು ತುರಿಸುತ್ತದೆ. ಹುಣಸೆಯನ್ನೋ ಲಿಂಬೆಯನ್ನೋ ಉಪ್ಪಾಗೆಯನ್ನೋ ಜಿಪುಣತನ ಮಾಡದೆ ಹಾಕಬೇಕು, ಎಲೆ ಪೂರ್ತಿ ಮೆತ್ತಗಾಗುವ ತನಕ ಬೇಯಿಸಬೇಕು. ಮೂತ್ರದ ಕಲ್ಲಿನ ತೊಂದರೆ ಇರುವವರು ಇದನ್ನು ದೂರವಿಡುವುದು ಒಳ್ಳೆಯದು. ಮರಕೆಸು ಸಿಕ್ಕರೆ ಪತ್ರೊಡೆ ಮಾಡಬಹುದು. ಕಳಲೆಯನ್ನು, ಅಂದರೆ ಎಳೆಬಿದಿರನ್ನು, ಮಾತ್ರ ಹೆಚ್ಚಿದ ದಿನವೇ ಅಡುಗೆಗೆ ಹಾಕಬಾರದು. ಅದರಲ್ಲಿ ವಿಷದ ಅಂಶ ಇರುವುದರಿಂದ ದಿನಕ್ಕೊಮ್ಮೆ ನೀರು ಬದಲಿಸುತ್ತ ಮೂರು ದಿನ ನೆನೆಸಿ, ಆಮೇಲೆ ಚೆನ್ನಾಗಿ ಬೇಯಿಸಬೇಕು.

ಬೇಸಿಗೆಯಲ್ಲಿ ಹಲಸಿನ ಹಣ್ಣು ತಿಂದವರು ಬೇಳೆಯನ್ನು ಎಸೆಯದಿದ್ದರೆ ಅದೂ ಈ ತಿಂಗಳುಗಳಿಗೆ ಆಗುತ್ತದೆ. ಬೇಳೆಗಳನ್ನು ತೊಳೆದು, ನೆರಳಿನಲ್ಲಿ ಎರಡು ದಿನ ಆರಿಸಿ, ಕೆಮ್ಮಣ್ಣಿನ ನಡುವೆ ಹೂತಿಟ್ಟರೆ ಶ್ರಾವಣದ ತನಕ ಬರುತ್ತವೆ. ಮೊಳೆತಿದ್ದರೆ ಮೊಳಕೆಯನ್ನು ಚಿವುಟಿ ತೆಗೆದರಾಯಿತು. ಕತ್ತಿಯ ಹಿಡಿಯಿಂದ ಒಮ್ಮೆ ಜಜ್ಜಿದರೆ ಹೊರಗಿನ ಬಿಳಿಯ ಸಿಪ್ಪೆ ಕಳಚಿಕೊಳ್ಳುತ್ತದೆ. ಒಳಗಿನ ಕಂದು ಪದರವನ್ನು ಹೆರೆಯುತ್ತ ಕೂರಬೇಡಿ. ಸೌತೆಕಾಯಿಯ ಹುಳಿಯಲ್ಲಿ ಕುದಿಯುವಾಗ ಅದು ಮೆತ್ತಗಾಗಿ ಬೇಳೆಗೇ ಅಂಟಿಕೊಂಡಿರುತ್ತದೆ.