ಸಿಇಟಿ ಮುಗಿದ ಮೇಲಿನ ಖಾಲಿ ತಿಂಗಳುಗಳನ್ನು ಕಳೆಯುವುದು ಹೇಗೆ?

ಸಿಇಟಿ ಆಯ್ತು. ಇನ್ನು ಫಲಿತಾಂಶ, ಆಪ್ಷನ್ ಎಂಟ್ರಿ (ಬೇಕಾದ ಕಾಲೇಜು, ಕೋರ್ಸುಗಳ ಪಟ್ಟಿ ಕೊಡುವುದು), ಅಣಕು ಸೀಟು ಹಂಚಿಕೆ, ಆಮೇಲೆ ಒಂದೊಂದೇ ಸುತ್ತು. ಕಾಲೇಜು ಶುರುವಾಗುವಷ್ಟರಲ್ಲಿ ತಿಂಗಳುಗಳೇ ಉರುಳುತ್ತವೆ. ಎರಡು ವರ್ಷ ಬೆಲ್ಲು, ಟ್ಯೂಷನ್, ಟೆಸ್ಟು ಅಂತ ಓಡಿದವರನ್ನು ಈಗ ಕೇಳುವವರೇ ಇಲ್ಲ. ರಾತ್ರಿ ಎರಡರವರೆಗೆ ರೀಲ್ಸ್, ಮಧ್ಯಾಹ್ನ ಹನ್ನೆರಡಕ್ಕೆ ಬೆಳಗು. ಇದನ್ನು ಸೋಮಾರಿತನ ಅಂತ ಬೈಯಬೇಡಿ. ತಮ್ಮ ದಿನವನ್ನು ತಾವೇ ಹೊಂದಿಸಿಕೊಳ್ಳುವುದನ್ನು ಈ ಮಕ್ಕಳಿಗೆ ಯಾರೂ ಕಲಿಸಿಲ್ಲ, ಅಷ್ಟೇ.

ಮೊದಲ ವಾರ ಸುಮ್ನೆ ಇದ್ದುಬಿಡಿ. ನಿದ್ದೆ ಮಾಡಿ, ಅಜ್ಜಿ ಊರಿಗೆ ಹೋಗಿ ಬನ್ನಿ.

ಆಮೇಲೂ ದೊಡ್ಡ ಟೈಮ್‌ಟೇಬಲ್ ಬೇಡ. ಎರಡಕ್ಕೆ ಮಾತ್ರ ಗಂಟೆ ಗೊತ್ತುಮಾಡಿ: ಏಳುವ ಹೊತ್ತು, ಮನೆಯಿಂದ ಹೊರಡಲೇಬೇಕಾದ ಹೊತ್ತು. ಎರಡನೆಯದೇ ಮುಖ್ಯ. ಹೋದ ಕಡೆ ನಿಮಗಾಗಿ ಯಾರಾದರೂ ಕಾಯುತ್ತಿರಬೇಕು. ಟೈಪಿಂಗ್ ಕ್ಲಾಸನ್ನೇ ನೋಡಿ. ಮೊದಮೊದಲು ಎ ಎಸ್ ಡಿ ಎಫ್, ಸೆಮಿಕೋಲನ್ ಎಲ್ ಕೆ ಜೆ ಅಂತ ಪುಟಗಟ್ಟಲೆ ಕುಟ್ಟಬೇಕು, ಕಿರುಬೆರಳು ನೋಯುತ್ತದೆ. ಆದರೂ ಹೋಗುತ್ತೀರಿ, ಯಾಕಂದ್ರೆ ತಪ್ಪಿಸಿದರೆ ಮರುದಿನ ಮೇಡಂ 'ನಿನ್ನೆ ಯಾಕಪ್ಪಾ ಬರಲಿಲ್ಲ?' ಅಂತ ಕೇಳೇ ಕೇಳುತ್ತಾರೆ. ಈಜು, ಸಂಗೀತ, ಚಿಕ್ಕಪ್ಪನ ಅಂಗಡಿ, ಯಾವುದಾದರೂ ಸರಿ.

ಒಬ್ಬರೇ ಮಾಡುವ ಕೆಲಸಕ್ಕೆ ಜಾಗ, ಹೊತ್ತು ಎರಡನ್ನೂ ಹೇಳಿಕೊಳ್ಳಿ. 'ಇಂಗ್ಲಿಷ್ ಸುಧಾರಿಸಿಕೊಳ್ತೀನಿ' ಅಂದರೆ ಆಗದು. 'ತಿಂಡಿ ಆದ ಕೂಡಲೇ ಜಗಲಿಯಲ್ಲಿ ಕೂತು ಪೇಪರಿನ ಒಂದು ಸುದ್ದಿ ಜೋರಾಗಿ ಓದ್ತೀನಿ' ಅನ್ನಿ. ಹೀಗೆ ಮೊದಲೇ ಗೊತ್ತುಮಾಡಿಕೊಂಡ ಕೆಲಸ ಕೈಗೂಡುವುದು ಜಾಸ್ತಿ ಎಂದು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ ತೋರಿಸಿಕೊಟ್ಟಿದ್ದಾರೆ.

ತಾನೇ ಗಡುವು ಹಾಕುವ ಕೆಲಸವೊಂದೂ ಇರಲಿ. 18 ತುಂಬಿದ್ದರೆ ಗಾಡಿ ಕಲಿಯುವವರ ಲೈಸೆನ್ಸ್, ಅಂದರೆ ಎಲ್‌ಎಲ್‌ಆರ್ ಮಾಡಿಸಿ. 30 ದಿನ ಆದ ಮೇಲೆ ಡ್ರೈವಿಂಗ್ ಟೆಸ್ಟ್ ಕೊಡಬಹುದು, 6 ತಿಂಗಳಿಗೆ ಎಲ್‌ಎಲ್‌ಆರ್ ಅವಧಿ ಮುಗಿಯುತ್ತದೆ. ಅಲ್ಲಿಗೆ ಅಭ್ಯಾಸ ಮುಂದೂಡುವ ಹಾಗಿಲ್ಲ.

ವಾರಕ್ಕೊಂದು ದಿನ ಕಾಲೇಜುಗಳಿಗೆ ಮೀಸಲಿಡಿ. ಆಪ್ಷನ್ ಎಂಟ್ರಿಯಲ್ಲಿ ನೀವು ಬರೆದ ಕ್ರಮವೇ ನಡೆಯುತ್ತದೆ. ನಿಮ್ಮ ರ‍್ಯಾಂಕಿಗೆ ಸಿಗುವವುಗಳಲ್ಲಿ ಪಟ್ಟಿಯಲ್ಲಿ ಮೇಲಿರುವುದೇ ನಿಮ್ಮ ಸೀಟು. ಬಸ್ಸು, ಹಾಸ್ಟೆಲ್ ಖರ್ಚು, ಲ್ಯಾಬು ಎಲ್ಲವನ್ನೂ ಈಗಲೇ ವಿಚಾರಿಸಿ ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಒಂದು ದಿನ ತಪ್ಪಿದರೆ ಮರುದಿನ ದುಪ್ಪಟ್ಟು ಮಾಡಲು ಹೋಗಬೇಡಿ, ಏಳುವ ಹೊತ್ತಿಗೆ ಎದ್ದರೆ ಸಾಕು. ರಿಸಲ್ಟ್ ದಿನವೂ ಕ್ಲಾಸಿಗೆ ಹೋಗಿ. ಆ ವೆಬ್‌ಸೈಟ್ ಹೇಗೂ ಬೇಗ ತೆರೆಯುವುದಿಲ್ಲ, ಸಂಜೆ ಬಂದು ನೋಡಿದರಾಯಿತು.